ಬಿ ಸೈಡಿಗೆ ತಿರುಗಿಸುವಷ್ಟು ಹೊತ್ತು

ಮಂಡಿಪೇಟೆಯ ಬುಡೇನ್ ಸಾಬರ ರಿಪೇರಿ ಅಂಗಡಿಗೆ
ಮೆಡಿಕಲ್ ಹಾಸ್ಟೆಲಿನ ಹುಡುಗನೊಬ್ಬ
ಮೂವತ್ತು ರೂಪಾಯಿ ಬಾಕಿಗೆ ಬಿಟ್ಟುಹೋದ ಕ್ಯಾಸೆಟ್ಟು.
ಮೇಲೆ ಹಸಿರು ಇಂಕಿನ ತಾರೀಕು, ಅಷ್ಟೇ.
ಯಾವ ಊರು, ಯಾರ ಬ್ಯಾಂಡು, ಕೇಳೋಣವೆಂದರೆ
ಅವನು ಮತ್ತೆ ಬರಲಿಲ್ಲ.

ಮಂಡಕ್ಕಿ ಭಟ್ಟಿಯ ಮಸಿ ಹೆಡ್ಡಿಗೆ ಕೂರುತ್ತಿತ್ತು.
ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ ಹಾಕಿದರೆ
ಮೊದಲು ಜನ. ಬರೀ ಜನ,
ದಾವಣಗೆರೆ ಎಪಿಎಂಸಿಯಲ್ಲಿ ಸವಾಲು ಕೂಗುವ ಹೊತ್ತಿನ ಹಾಗೆ.
ಆಮೇಲೆ ಗಿಟಾರು, ತಗಡಿನ ಮೇಲೆ ಮೊಳೆ ಎಳೆದಂತೆ.
ಬೆಲ್ಟು ಸಡಿಲವಿದ್ದ ದಿನ ಇಡೀ ಬ್ಯಾಂಡು
ನಿದ್ದೆಗಣ್ಣಲ್ಲಿ ನುಡಿಸುತ್ತಿತ್ತು.

ಹತ್ತಿರ ಇದ್ದದ್ದು ಒಬ್ಬ ಕೆಮ್ಮುವವನು.
ಕೋಟಿನೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡವನೇ ಇರಬೇಕು.
ಮೆಲ್ಲಗೆ ಹಾಡಿದಾಗೆಲ್ಲ ಕೆಮ್ಮು ತಡೆಯುತ್ತಿದ್ದ,
ಅದೂ ಕೇಳುತ್ತಿತ್ತು.
‘ಗುಳಿಗೆ ಕೊಡಿಸ್ರೋ ಅವನಿಗೆ’ ಅನ್ನುತ್ತಿದ್ದರು ಸಾಬರು,
ಬೆಸುಗೆಯಿಂದ ಕಣ್ಣೆತ್ತದೆ.

ಉದ್ದನೆ ಹಾಡಿನ ನಡುವೆ ದನಿ ಮೇಲೇರಿ
ಇನ್ನೇನು ಮುಟ್ಟಬೇಕು ಅನ್ನುವಾಗ
ಖಟ್.
ಅವನ ಟೇಪು ಮುಗಿದಿತ್ತು.
ತಿರುಗಿಸಿ ಹಾಕಿದರೆ ಆಗಲೇ ಚಪ್ಪಾಳೆ.
ಆ ಸಂದಿಯಲ್ಲಿ ನನಗೆ ಕೇಳಿದ್ದು
ಒಮ್ಮೆ ಮಿಲ್ಲಿನ ಸೈರನ್ನು,
ಒಮ್ಮೆ ಹರಿಹರದ ಕಡೆ ಹೊರಟ ಗೂಡ್ಸು.

ಮೊನ್ನೆ ನನ್ನ ಗುನುಗು ಹಿಡಿದೇ ಮಗಳು
ಫೋನಿನಲ್ಲಿ ಹುಡುಕಿ ಕೊಟ್ಟಳು:
ಸ್ಟುಡಿಯೋದ್ದು, ಇಡಿಯಾಗಿ, ತೊಳೆದ ಅಕ್ಕಿಯಂತೆ.
ಆ ಜಾಗ ಬಂತು.
ಬೆರಳು ತಾನಾಗಿ ಎದ್ದು
ಇಲ್ಲದ ಬಟನ್ ಒತ್ತಿತು.
ದನಿ ಎಲ್ಲಿಗೆ ಮುಟ್ಟಿತೋ, ಗಮನಿಸಲಿಲ್ಲ.

‘ಹೆಂಗೈತಪ್ಪ?’ ಅಂದಳು.
ಚೆನ್ನಾಗೈತೆ ಅಂದೆ.
ಗಂಟಲು ಕೆರೆಯಿತು,
ತಡಕೊಂಡೆ.