ಹದಿನೈದು ಕಿಲೋದ ಪೆಟಗಿ

ಗೌಂಡಿ ಭೀಮಶ್ಯಾ ಕೇಳಿದ:
ಪುಸ್ತಕದ ವಜ್ಜಿ ಎಷ್ಟ ಇರ್ತದ?
ಹೇಳ್ರಿ, ಹಲಗಿ ಹಾಕಬೇಕು,
ಹಲಗಿ ಭಾರ ಗ್ವಾಡಿ ತಡೀಬೇಕು.

ಯಾರಿಗಿ ಗೊತ್ತು.
ಸರಪಂಚರು ಮಾಸ್ತರ ಮಾರಿ ನೋಡಿದ್ರು.
ಮಾಸ್ತರು ಕಿಡಕಿ ಕಡೆ ನೋಡಿದ್ರು.
ಕಿಡಕಿ ಇನ್ನಾ ಇರಲಿಲ್ಲ, ಪಾಯಾ ಅಷ್ಟ ಇತ್ತು,
ಅವರು ನೋಡಿದ್ದು ಬರೇ ಜತ್ತಿನ ರೋಡು.

ಎಸ್ಟಿಮೇಟು ಮರಾಠಿಯೊಳಗ.
ಸಿಮೆಂಟಿಗಿ ಒಂದ ಓಳಿ, ಉಸುಕಿಗಿ ಒಂದ ಓಳಿ,
ಪಾಟಿ ಬರಿಯೂ ಪೇಂಟರಗ ಸೈತ ಮುನ್ನೂರಾ ಐವತ್ತು.
ಪುಸ್ತಕದ ಭಾರಕ್ಕ ಓಳಿ ಇರಲಿಲ್ಲ.

ಪುಸ್ತಕ ಆಗಲೇ ಬಂದಿದ್ವು.
ಸೊಲ್ಲಾಪುರದ ರದ್ದಿ ಅಂಗಡಿಯಿಂದ ಒಂದಿಷ್ಟು,
ವಿಜಾಪುರದಾಗ ತೀರಿಹೋದ ಒಬ್ಬ ವಕೀಲರ ಅಟ್ಟದಿಂದ,
ಮಿರಜಿನ ಒಂದು ಮುಚ್ಚಿದ ಸಾಲಿಯಿಂದ.
ಎಲ್ಲಾ ಬಂದು ಕುಂತಿದ್ದು ಲಾಡಸಾಬನ ಶೆಡ್ಡಿನ್ಯಾಗ,
ದ್ರಾಕ್ಷಿ ಒಣಗಿ ಬೇದಾಣಿ ಆಗೂ ಜಾಗಾದಾಗ,
ಬೇದಾಣಿ ತುಂಬೂ ಪೆಟಗಿಯೊಳಗ.
ಗಂಧಕದ ಹೊಗಿ ಕುಡದು ಕುಡದು
ಹಾಳಿ ಅಂಚಿಗೆಲ್ಲಾ ಅಂಟಂಟ ಸಿಹಿ.
ಎಲ್ಲಾರಕಿಂತ ಮೊದಲ ಓದಿದ್ದು ಇರಿವಿ.

ಅದಕ್ಕ ನಾನ ಅಂದೆ: ತಕ್ಕಡಿ ಅದಲ್ಲ, ತೂಗೂಣು.
ಹದಿನಾಲ್ಕ ವರ್ಷ ಬೇದಾಣಿ ಆರಿಸೀನಿ,
ಹಸರ ಒಂದ ಕಡೆ, ಕಂದ ಒಂದ ಕಡೆ, ಕಡ್ಡಿ ಕಾಲ ಬುಡಕ,
ಮುಟಗಿ ತುಂಬಿದ್ರ ಗ್ರಾಮಿನ ಲೆಕ್ಕ ಹೇಳ್ತೀನಿ.
ಪುಸ್ತಕ ಎತ್ತಿ ಹೇಳಾಕ ಬರಲಿಲ್ಲ.
ದಪ್ಪಂದು ಹಗೂರ, ತೆಳ್ಳಂದು ವಜ್ಜಿ,
ನಕಾಶೆ ಇದ್ದದ್ದಂತೂ ಮೊಣಕೈ ಜಗ್ತಿತ್ತು.
ಹಲೀಮಾಬಿ ಒಂದ ಉರ್ದು ಪುಸ್ತಕ
ನಾವು ಮುಗಸೂ ಕಡಿಂದ ತಗದು ತೋರಿಸಿದ್ಲು,
ತಕ್ಕಡಿಗಿ ಅದೇನೂ ಗೊತ್ತಾಗಲಿಲ್ಲ.

ಪೆಟಗಿಗಿ ಹದಿನೈದ ಕಿಲೋ, ಇಪ್ಪತ್ತೆಂಟ ಪೆಟಗಿ.
ಭೀಮಶ್ಯಾ ಬೆರಳ ಮಡಚಿದ, ಬಿಚ್ಚಿದ, ಮತ್ತ ಮಡಚಿದ:
ನಾಕನೂರಾ ಇಪ್ಪತ್ತು.
ಅಂದ್ರ ಒಂದ ಗಬ್ಬದ ಎಮ್ಮಿ, ಅಂದ.
ಜಾಗಾನೂ ಅದಕ್ಕ ತಕ್ಕಂಗ ಇತ್ತು,
ಮೊದಲ ಅಲ್ಲಿ ಕೊಂಡವಾಡ,
ಬ್ಯಾರೆಯವರ ಪೈರ ತಿಂದ ದನ ಕಟ್ಟತಿದ್ರು.
ಗ್ವಾಡಿ ಹದಿನಾಲ್ಕ ಇಂಚು ಅಂತ ನಿಕ್ಕಿ ಆತು.

ಮಧ್ಯಾನದ ಬುತ್ತಿ ಹೊತ್ತಿಗಿ
ಮ್ಯಾಲಿನ ಪೆಟಗ್ಯಾಗಿಂದ ಒಂದ ತಗದೆ.
ದುಂಡ ದುಂಡ ಅಕ್ಷರ.
ನಮ್ಮದ ಇದು ಅಂತ ಗೊತ್ತು,
ಚಡಚಣಕ್ಕ ಹೋಗೂ ಬಸ್ಸಿನ ಹಣೀ ಮ್ಯಾಲ ನೋಡೀನಿ.
ನಾ ಕಲತಿದ್ದು ಮರಾಠಿ ಸಾಲಿ, ಏಳನೇತ್ತಾ.
ಮ್ಯಾಲ ಗೆರಿ ಇದ್ರ ಗಡಗಡ ಓದ್ತೀನಿ.
ಗೆರಿ ಇಲ್ಲದ ಅಕ್ಷರ ಅಂದ್ರ
ಹಗ್ಗ ಹರದ ಅಂಗಳದಾಗಿನ ಅರಿವಿ,
ಯಾವದು ಯಾರದು ತಿಳಿಯಂಗಿಲ್ಲ.
ಅವ್ವ ಕಡೀಕ ನೀರ ಕೇಳಿದ್ದು ಈ ಮಾತಿನ್ಯಾಗ.
ಅಕಿ ಸತ್ತ ದಾಖಲಾ ಓದಿದ್ದು ಆ ಅಕ್ಷರದಾಗ.

ಭೀಮಶ್ಯಾ ಗಡಿ ಆಚೀಂದವ, ನಾಕನೇತ್ತಾ ಕನ್ನಡ.
ಕೈ ಧೋತರಕ್ಕ ಒರಿಸಿ, ಬೊಟ್ಟಿಟ್ಟು ಓದಿದ,
ಇಟ್ಟಂಗಿ ಮ್ಯಾಲ ಇಟ್ಟಂಗಿ ಇಟ್ಟಂಗ,
ನಡುವ ನಡುವ ಓಳಂಬಾ ಹಿಡದು ನಿಂತಂಗ:
ಎಮ್ಮೆ. ಮೇವು. ಬಿಟ್ಟರೆ.
ಮೊದಲು. ಕಿವಿ. ಮುಟ್ಟಿ. ನೋಡಬೇಕು.
ಕಿವಿ. ತಣ್ಣಗಿದ್ದರೆ.

ಅಷ್ಟಕ್ಕ ಹಾಳಿ ಮುಗೀತು.
ಮುಂದಿಂದು ಅದರ ಮುಂದಿಂದಕ್ಕ ಅಂಟಿತ್ತು,
ಬೇದಾಣಿ ರಸ, ಬಿಡಲಿಲ್ಲ.

ತಣ್ಣಗಿದ್ರ ಶುಂಠಿ ಕೊಡಬೇಕು, ಬೌರವ್ವ ಅಂದ್ಲು.
ಶುಂಠಿ? ನಿಮ್ಮ ಎಮ್ಮಿ ಅದಕ್ಕ ಸತ್ತದ, ಹಲೀಮಾಬಿ.
ಬೆಲ್ಲ, ಸುಣ್ಣದ ತಿಳಿ, ಬಿಸಿ ರಾಗಿ ಗಂಜಿ,
ಯಾರೋ ತೊಡಿ ಚಪ್ಪರಿಸಿದ್ರು, ಯಾರೋ ರೊಟ್ಟಿ ಕೆಳಗಿಟ್ಟು ಎದ್ರು.
ವಾಚನಾಲಯದ ಮೊದಲನೇ ಜಗಳ ಅದು,
ಗ್ವಾಡಿ ಏಳೂದಕಿಂತ ಮೊದಲ.
ಭೀಮಶ್ಯಾ ಮೂರಕ್ಕ ಕರಣಿ ಹಿಡದ.

ಹಾಳಿಗಿ ಒದ್ದಿ ಅರಿವಿ ಸುತ್ತಿ ಇಟ್ಟೀನಿ,
ಅಂಟಿದ ಬೇದಾಣಿ ಹಂಗ ಬಿಡಸ್ತೀವಿ ನಾವು.
ಜಬರದಸ್ತಿ ಮಾಡಬಾರದು, ತೊಗಲ ಹರೀತದ.
ಹಿಂದಿನ ಹಾಳಿ ಮ್ಯಾಲ
ಅವನ ಬೊಟ್ಟಿನ ಸಿಮೆಂಟು ಒಣಗಿ ಕುಂತದ.

ಗ್ವಾಡಿ ಎದೀ ಮಟ್ಟ ಬಂದದ.
ಹಾಳಿ ಇನ್ನಾ ಬಿಟ್ಟಿಲ್ಲ.