ಮಿಷನ್ನಿನ ಹಿಂದ ಹೋಗಾಂವಗ

ಮಿಷನ್ನು ಹಡಗ ಹತ್ತೇತಿ ಅಂದ್ರ, ದಾವಲಸಾಬ,
ನಿನ್ನ ಅರ್ಧಾ ಜೀವ ಆಗಲೇ ನೀರಮ್ಯಾಲ ಐತಿ.
ಉಳದರ್ಧಕ್ಕ ಹೇಳತೀನಿ, ಕೂಡು.
ಚಾ ಆರಾಕತ್ತೈತಿ, ಕುಡಕೋತ ಕೇಳು.

ಮೊದಲ ಹಳದಿ ಜ್ವರದ ಸೂಜಿ.
ಹೋಗೂ ಹಿಂದಿನ ದಿನ ಅಲ್ಲ, ಹತ್ತ ದಿನ ಮುಂಚೆ.
ಅದರ ಕಾರ್ಡು ಪಾಸ್‌ಪೋರ್ಟಿನ ಹೊಟ್ಟ್ಯಾಗ ಇಡು;
ಡುವಾಲಾದಾಗ ಇಳದ ಕೂಡ್ಲೆ
ನಿನ್ನ ಮಾರಿ ನೋಡೂದಕಿಂತ ಮೊದಲ ಅದನ್ನ ಕೇಳತಾರ.
ನಾ ಕೈಚೀಲದ ತಳಕ್ಕ, ಶೇಂಗಾ ಹೋಳಿಗಿ ಡಬ್ಬಿ ಕೆಳಗ ಇಟ್ಟ
ಸಾಲಿನ ಮಂದಿ ಮುಂದ ಬನೀನು ಸೈತ ಹರವಿದೆ.

ಎಂಟ ದಿನಕ್ಕೊಮ್ಮೆ ನಳ ಬರೂ ಊರಾಗ ಬೆಳದಾಂವ ನೀ,
ಅಲ್ಲೆ ಮಳಿ ನೋಡಿ ಹುಚ್ಚ ಹಿಡಿತೈತಿ.
ಆಕಾಶಕ್ಕ ಮುಚ್ಚಳಾ ಇಲ್ಲ.
ಆದ್ರೂ ಕುಡ್ಯೂ ನೀರು ಕೊಂಡ ಕುಡಿ,
ಬಾಟ್ಲಿ ಬೂಚು ಕಟಕ್ ಅಂತೋ ಇಲ್ಲೋ ಕಿವಿಗೊಡು.
ಮಣ್ಣು ನಮ್ಮ ಕಪ್ಪತಗುಡ್ಡದ್ದ ಕೆಂಪು,
ಅಂಗಿಗೆ ಹತ್ತಿದ್ರ ಹೋಗೂದಿಲ್ಲ.
ಬಿಳೆ ಅಂಗಿ ಒಯ್ಯಬ್ಯಾಡ.

ಕೇಳೂದೇನಿದ್ರೂ ಮೊದಲ 'ಬೊಂಜೂ' ಅನ್ನು.
ಅನ್ನಲಿಲ್ಲಂದ್ರ ಬ್ರೆಡ್ಡು ಮಾರಾಕಿನೂ ಕಣ್ಣೆತ್ತೂದಿಲ್ಲ.
ಗಾಡಿ ಬಲಕ್ಕ ಓಡತಾವ, ದಾಟೂ ಮುಂದ ಎಡಕ್ಕ ನೋಡು.
ಬಂದರಾ, ಸೇತುವಿ, ಪೊಲೀಸರು, ಯಾವದಕ್ಕೂ ಫೋನ್ ಎತ್ತಬ್ಯಾಡ.
ಹತ್ತಸಾವಿರದ ನೋಟು ಹಿಡದು ಟ್ಯಾಕ್ಸಿ ಹತ್ತಬ್ಯಾಡ,
ಚಿಲ್ಲರಿಲ್ಲ ಅನ್ನೂದರಾಗ
ಆ ಊರಿಗೂ ನಮ್ಮ ಕಂಡಕ್ಟರಿಗೂ ಏನೂ ಫರಕಿಲ್ಲ.

ಕಾಗದಾ ಅಲ್ಲೆ ನೀರ ಕುಡಿತೈತಿ, ಲಕ್ಷ್ಯ ಇರಲಿ.
ರಾತ್ರಿ ಬಂಡಲ್ ಬಿಚ್ಚಿಟ್ರ ಮುಂಜಾನೆ ಹಾಳಿ ಹಿಗ್ಗಿರತೈತಿ,
ನಾಕ ಬಣ್ಣ ನಾಕ ದಿಕ್ಕಿಗೆ.
ಮಿಷನ್ನಿಗೆ ಬೈಬ್ಯಾಡ, ಅದು ಬೆಟಗೇರಿದು, ಬಿಸಲ ಕಂಡದ್ದು.
ಅದಕ್ಕೂ ನಾಕ ದಿನ ಬೇಕು.

ಸೊಳ್ಳಿ ಪರದೆ ಕರೆಂಟ್ ಹೋದ್ರೂ ತಗೀಬ್ಯಾಡ.
ಮೈಕೈ ನೋವು ದುಡತದ್ದು ಅಂತ ತಿಳ್ಕೊಬ್ಯಾಡ,
ಅವತ್ತ ರಕ್ತಾ ತೋರಸು.
ಗದಗಕ್ಕ ಬಂದ ತಿಂಗಳಿಗೆ ಜ್ವರ ಬಂದ್ರೂ
ಎಲ್ಲಿಗೆ ಹೋಗಿದ್ದಿ ಅನ್ನೂದು ಡಾಕ್ಟರಗ ಹೇಳು.
ನಾ ತಿಳ್ಕೊಂಡಿದ್ದೆ ದುಡತದ್ದ ಅಂತ.
ಮೂರನೇ ದಿನ ರೋಲರ್ ತೊಳ್ಯಾಕ ಬಗ್ಗಿದಾಂವ
ಏಳಲೇ ಇಲ್ಲ.

ಬಾಡಗಿ ಖೋಲಿ ಮಾಲಕಿ, ಮಾ ಕ್ಲೋತಿಲ್ದ,
ಹಣಿಮ್ಯಾಲ ಹಸಿ ಅರಬಿ ಹಾಕ್ಕೋತ ಕುಂತಿದ್ಲಂತ.
ನಾ 'ಅವ್ವಾ' ಅಂದಾಗೊಮ್ಮೆ
ಆಕಿ 'ವೀ' ಅಂದ್ಲಂತ.
ಅವರ ಮಾತಿನ್ಯಾಗ 'ವೀ' ಅಂದ್ರ 'ಹೂಂ'.
ಆಕಿಗೆ ನನ್ನ ಮಾತು ತಿಳದಿತ್ತಂತ ಅಲ್ಲ.
ರಾತ್ರಿಯೆಲ್ಲಾ ಯಾರೋ ಕರ್ಯಾಕತ್ರ
ಏನರೆ ಒಂದ ಅನ್ನಬೇಕಲ್ಲ.

ಬರೂ ಮುಂದ ಕೇಳಿದ್ಲು,
ನಿಮ್ಮ ಅಕ್ಷರದಾಗ ನನ್ನ ಹೆಸರ ಹೆಂಗ ಕಾಣತೈತಿ?
ಕಳಸತೀನಿ ಅಂದೆ. ಹನ್ನೊಂದ ವರ್ಷಾತು.

ಈ ಲಕೋಟಿ ತಗೊ. ಮಡಚಬ್ಯಾಡ.
ಲ ಕೆಳಗಿನ ದ ಒತ್ತಿಗೆ ಮೂರ ಕೇಸು ಜಾಲಾಡೇನಿ,
ಹಳೇ ಶೀಸದ ಮೊಳಿ, ಇಲಿ ಹಿಕ್ಕ್ಯಾಗ ಬಿದ್ದಿತ್ತು.
ಕಂಪ್ಯೂಟರ್‌ದಾಗ ಎರಡ ಮಿನಿಟಿನ ಕೆಲಸ, ಗೊತ್ತೈತಿ.
ಆದ್ರ ಇದರ ಬೆನ್ನಮ್ಯಾಲ ಬೆರಳಾಡಿಸಿದ್ರ
ಹೆಸರಿನ ಉಬ್ಬು ಸಿಗತೈತಿ, ನೋಡು.
ಆಗಲೇ ಆಕಿ ಕಣ್ಣು ಮಂಜಾಗಿದ್ವು.

ನೀಲಿ ಬಾಗಲದ ಬಾಟ್ಲಿ ಅಂಗಡಿ ಹಿಂದ ಮನಿ.
ಇದ್ದಿರಬಹುದು, ಇಲ್ಲದ ಇರಬಹುದು.
ಯಾರರೆ ಮುದುಕಿ ಬಾಗಲಾ ತಗದ್ರ
ಹೆಸರ ಕೇಳಬ್ಯಾಡ.
ನಾಚಿಕಿ ಬಿಟ್ಟು ಒಮ್ಮೆ 'ಅವ್ವಾ' ಅನ್ನು.
'ವೀ' ಅಂದ್ರ, ಆಕಿನ.

ಮತ್ತ, ಎರಡ ಪಿನ್ನಿನ ಪ್ಲಗ್ಗು ನಾಕರೆ ಒಯ್ಯಿ.
ಏಳಿನ್ನ, ಮನ್ಯಾಗಿಂದ ಫೋನ್ ಬರಾಕತ್ತೈತಿ,
ನಳ ಬಂದೈತಂತ.