ಕೇಪಿನ ಕೋವಿ

ಗೋಣಿಕೊಪ್ಪದಲ್ಲಿ ಮೊಯ್ದುವಿನ ಗುಜರಿ.
ಹಲ್ಲುದುರಿದ ಪಲ್ಪರ್, ಔಷಧಿ ಹೊಡೆಯುವ ಕ್ಯಾನು,
ಮೂರು ಕಾಲಿನ ಸ್ಟೂಲು.
ಅದರಡಿ ಸಿಕ್ಕಿತು.
ತಗಡಿನದು. ಹಿಡಿಯ ಮೇಲೆ ಮೊಳೆಯಲ್ಲಿ ಗೀಚಿದ ಹೆಸರು: ಬೋಪಿ.

ನನ್ನದಲ್ಲ.
ನನ್ನದು ಕೈಲ್‌ಮುಹೂರ್ತದ ದಿನ
ಅಪ್ಪನ ಜೋಡುನಳಿಗೆಯ ಪಕ್ಕದಲ್ಲೇ ಕೂರುತ್ತಿತ್ತು,
ಬಾಯಿಗೊಂದು ತೋಕ್‌ಪೂ ಸಿಕ್ಕಿಸಿಕೊಂಡು,
ಗಂಧ ಹಚ್ಚಿಸಿಕೊಂಡು, ಅಷ್ಟೇ ಗತ್ತಿನಲ್ಲಿ.
ಆಮೇಲೆಲ್ಲಿ ಹೋಯಿತೋ.
ಅಪ್ಪನದಕ್ಕಾದರೆ ನಂಬರಿತ್ತು.
ಇದಕ್ಕೇನಿತ್ತು, ಹುಡುಕುವುದಕ್ಕೆ?

ಈಗ ಗಾಜಿನ ಬೀರುವಿನಲ್ಲಿ ಮೂವತ್ತೊಂದು.
ಚೋಂದಮ್ಮ 'ನಿಮ್ಮ ಪಟಾಲಂ' ಎನ್ನುತ್ತಾಳೆ,
ಧೂಳು ಮಾತ್ರ ಒರೆಸುವುದಿಲ್ಲ.
ಮೂವತ್ತೊಂದರಲ್ಲಿ ಒಂದೂ ನನ್ನನ್ನು ಗುರುತು ಹಿಡಿದಿಲ್ಲ.

ಬೋಪಿಯ ಹೆಬ್ಬೆರಳು ಸವೆಸಿದ ಜಾಗದಲ್ಲಿ
ನನ್ನದಿಟ್ಟು ಕುದುರೆ ಎಳೆದೆ.
ಟಕ್.
ಕೇಪಿಲ್ಲ.
ಕೇಪು ಮುಗಿದಾಗ ನಾವೆಲ್ಲ ಮಾಡುತ್ತಿದ್ದದ್ದನ್ನೇ
ಐವತ್ತೆಂಟರ ಬಾಯಿ ತಾನಾಗಿ ಮಾಡಿತು:
ಠೋ!

ಮೊಯ್ದು ತೂಕದ ಬಟ್ಟು ಕೈಬಿಟ್ಟು, ಎದೆ ಹಿಡಿದು,
ಹಳೇ ಪೇಪರಿನ ಕಟ್ಟಿನ ಮೇಲೆ ಅಡ್ಡಬಿದ್ದ.
ಒಂದು ಕಾಲು ನಡುಗಿಸಿದ.
ಸತ್ತ.

ಕಾದೆ.
ಹತ್ತು ಎಣಿಸುವ ತನಕ ಸತ್ತವರು ಏಳುವಂತಿಲ್ಲ.
ಅವನ ಕೇರಿಯಲ್ಲೂ ಅದೇ ಕಾನೂನಿತ್ತೆಂದು ಕಾಣುತ್ತದೆ.

ಒಂಬತ್ತಕ್ಕೇ ಒಂದು ಕಣ್ಣು ಬಿಟ್ಟ:
"ನಾನ್ನೂರು.
ಇದನ್ನ ತೂಕಕ್ಕೆ ಕೊಡಲ್ಲ."